ರಕ್ತನಾಳಗಳ ದಾಹ

ನಿಗಡಿಯ ದುರ್ಗಾ ಟೇಕಡಿಯ ಮೇಲೆ ಬೆಳಗಿನ ವಾಯುವಿಹಾರಕ್ಕೆ ಬರುವ ಕನ್ನಡಿಗರದೊಂದು ಸಣ್ಣ ಗುಂಪಿದೆ. ಬಹುಪಾಲು ನಿವೃತ್ತರು. ಪಿಂಪರಿ, ಚಿಂಚವಡ, ಆಕುರ್ಡಿ, ಭೋಸರಿಯ ಕಾರ್ಖಾನೆಗಳಲ್ಲಿ ಆಯುಷ್ಯ ಸವೆಸಿ ಪ್ರಾಧಿಕರಣದಲ್ಲಿ ಮನೆ ಮಾಡಿಕೊಂಡವರು. ಅವರಲ್ಲಿ ಗದಗಿನ ಕಡೆಯ ಹಿರಿಯರೊಬ್ಬರನ್ನು ನಾವೆಲ್ಲ ಕಾಕಾ ಎಂದೇ ಕರೆಯುತ್ತೇವೆ. ನಾಲ್ಕು ವರ್ಷಗಳ ಹಿಂದೆ ಹೃದಯಾಘಾತವಾಗಿ ಅವರಿಗೆ ಎರಡು ಸ್ಟೆಂಟ್ ಹಾಕಲಾಗಿತ್ತು. ಕಳೆದ ಮಳೆಗಾಲದಲ್ಲಿ ತಪಾಸಣೆಗೆ ಹೋದಾಗ ವೈದ್ಯರು ರಕ್ತಪರೀಕ್ಷೆಯ ವರದಿಯನ್ನು ನೋಡಿ, ಕೊಲೆಸ್ಟರಾಲ್ ಚೆನ್ನಾಗಿ ಇಳಿದಿದೆ, ಆದರೆ ರಕ್ತವಾಹಿನಿಗಳಲ್ಲಿ ಇನ್ನೂ ಸ್ವಲ್ಪ ‘ದಾಹ’ ಇದ್ದಂತಿದೆ ಎಂದು ಮರಾಠಿಯಲ್ಲಿ ಹೇಳಿದರಂತೆ. ಐವತ್ತು ವರ್ಷ ಪುಣೆಯ ನೀರು ಕುಡಿದಿದ್ದರೂ ಆ ಒಂದು ಪದದ ಮಟ್ಟಿಗೆ ಕಾಕಾ ಅವರ ಕಿವಿ ಗದಗಿನದಾಗಿಯೇ ಉಳಿದಿತ್ತು. ರಕ್ತನಾಳಗಳಿಗೆ ಬಾಯಾರಿಕೆಯಾಗಿದೆಯೆಂದು ತಿಳಿದು, ಮನೆಗೆ ಬಂದವರೇ ತಂಬಿಗೆಗಟ್ಟಲೆ ನೀರು ಕುಡಿಯತೊಡಗಿದರು. ಮರಾಠಿ ಮನೆತನದ ಸೊಸೆ ವಾರದ ಮೇಲೆ ಇದನ್ನು ಕಂಡುಹಿಡಿದು, ದಾಹವೆಂದರೆ ಮರಾಠಿಯಲ್ಲಿ ಉರಿ, ಉರಿಯೂತ ಎಂದು ತಿಳಿಸಿ ಹೇಳಿದಳು. ಟೇಕಡಿಯ ಮೇಲೆ ನಾವು ಆ ದಿನ ನಕ್ಕದ್ದು ಸ್ವಲ್ಪ ಹೆಚ್ಚೇ ಆಯಿತು.

ನಗುವ ಹಾಗಿರದ ಸಂಗತಿ ಆಮೇಲೆ ತಿಳಿಯಿತು. ವೈದ್ಯರ ಮಾತಿನ ಮೊದಲರ್ಧವನ್ನೂ ಕಾಕಾ ತಮ್ಮದೇ ರೀತಿಯಲ್ಲಿ ಗ್ರಹಿಸಿದ್ದರು. ಕೊಲೆಸ್ಟರಾಲ್ ಇಳಿದ ಮೇಲೆ ಅದನ್ನು ಇಳಿಸುವ ಗುಳಿಗೆಗೆ ಕೆಲಸವೇನೆಂದು, ರಾತ್ರಿ ನುಂಗುತ್ತಿದ್ದ ಸ್ಟ್ಯಾಟಿನ್ ಮಾತ್ರೆಯನ್ನು ಮೂರು ವಾರಗಳಿಂದ ಬಿಟ್ಟಿದ್ದರು. “ಅಲ್ರೀ, ಎಲ್‌ಡಿಎಲ್ ಅರವತ್ತೆಂಟಕ್ಕ ಇಳದೈತಿ. ಬಾವಿ ತೋಡಿ ನೀರ ಬಂದ ಮ್ಯಾಲೂ ಗುದ್ದಲಿ ಯಾಕ ಬೀಸಬೇಕು?” ಎಂದು ನನ್ನನ್ನೇ ಕೇಳಿದರು. ನಾನು ವೈದ್ಯನಲ್ಲ. ಆದರೆ ಆ ಮಾತ್ರೆಯನ್ನೇ ನುಂಗುವವನು, ಹಳೆಯ ಸಂಗತಿಗಳನ್ನು ಕೆದಕುವ ಚಟವುಳ್ಳವನು. ಅವರಿಗೆ ಆ ಬೆಳಿಗ್ಗೆ ಅರೆಬರೆಯಾಗಿ ಹೇಳಿದ್ದನ್ನು ಸ್ವಲ್ಪ ಕ್ರಮವಾಗಿ ಬರೆದಿಡುವ ಪ್ರಯತ್ನವಿದು.

ಉರಿಯೂತ ಎಂಬ ನಮ್ಮ ಪದ ತುಂಬ ಅರ್ಥವತ್ತಾದುದು. ಒಂದನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ಅದಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದ್ದಾನೆ: ಕೆಂಪು, ಬಿಸಿ, ಊತ, ನೋವು. ಕನ್ನಡ ಪದ ‘ಉರಿ’ಯಲ್ಲಿ ಬಿಸಿಯನ್ನೂ ನೋವನ್ನೂ ಅಡಗಿಸಿ, ‘ಊತ’ವನ್ನು ಬಾಲಕ್ಕೆ ಕಟ್ಟಿಕೊಂಡಿದೆ. ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ಈ ನಾಲ್ಕನ್ನೂ ಕಣ್ಣಾರೆ ಕಾಣಬಹುದು. ಹೃದಯದ ಅಪಧಮನಿಯ ಗೋಡೆಯಲ್ಲಿ ಅದೇ ಕ್ರಿಯೆ ಹತ್ತಾರು ವರ್ಷ ನಡೆದರೂ ಒಂದು ಲಕ್ಷಣವೂ ಹೊರಗೆ ತೋರುವುದಿಲ್ಲ. ವೈದ್ಯಶಾಸ್ತ್ರ ಇಷ್ಟು ಕಾಲ ಅದನ್ನು ಗಮನಿಸದಿರಲು ಇದೂ ಒಂದು ಕಾರಣ.

ಆದರೆ ಯಾರೂ ಕಂಡಿರಲಿಲ್ಲವೆಂದಲ್ಲ. 1850ರ ದಶಕದಲ್ಲಿ ಜರ್ಮನಿಯ ರುಡಾಲ್ಫ್ ವಿರ್ಚೋ ಶವಪರೀಕ್ಷೆಯಲ್ಲಿ ದಪ್ಪಗಟ್ಟಿದ ಅಪಧಮನಿಗಳನ್ನು ಸೀಳಿ ನೋಡಿ, ಇದು ಗೋಡೆಯೊಳಗಿನ ಉರಿಯೂತವೇ ಎಂದು ಬರೆದ. ವಿಯೆನ್ನಾದ ರೊಕಿಟಾನ್‌ಸ್ಕಿ ಒಪ್ಪಲಿಲ್ಲ. ರಕ್ತದಲ್ಲಿದ್ದ ವಸ್ತುಗಳು ಗೋಡೆಗೆ ಮೆತ್ತಿಕೊಂಡು ಆಗುವ ಪದರವಿದು, ಉರಿಯೂತ ಅದರ ಪರಿಣಾಮವೇ ಹೊರತು ಮೂಲವಲ್ಲ ಎಂದ. ಈ ಜಗಳ ನೂರೈವತ್ತು ವರ್ಷಗಳ ಅನಂತರ ಬೇರೆ ವೇಷದಲ್ಲಿ ಮತ್ತೆ ಎದ್ದು ನಿಂತಿತು. ಆ ವಿಷಯ ಮುಂದೆ ಬರುತ್ತದೆ.

ನಡುವೆ ಬಂದದ್ದು ಕೊಲೆಸ್ಟರಾಲ್. 1910ರಲ್ಲಿ ವಿಂಡಾವ್ಸ್ ಎಂಬ ರಸಾಯನಜ್ಞ ರೋಗಗ್ರಸ್ತ ಮಹಾಪಧಮನಿಯಲ್ಲಿ ಆರೋಗ್ಯವಂತರದಕ್ಕಿಂತ ಹಲವು ಪಟ್ಟು ಕೊಲೆಸ್ಟರಾಲ್ ಇರುವುದನ್ನು ತೋರಿಸಿದ. 1913ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ನಿಕೊಲಾಯ್ ಅನಿಚ್‌ಕೋವ್ ಶುದ್ಧ ಕೊಲೆಸ್ಟರಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ಮೊಲಗಳಿಗೆ ತಿನ್ನಿಸಿ, ಅವುಗಳ ಅಪಧಮನಿಗಳಲ್ಲಿ ಮನುಷ್ಯರಲ್ಲಿ ಕಾಣುವಂಥದೇ ರೋಗವನ್ನು ಹುಟ್ಟಿಸಿದ. ಆ ಗಾಯಗಳಲ್ಲಿ ಕೊಬ್ಬನ್ನು ನುಂಗಿ ಉಬ್ಬಿದ ಜೀವಕೋಶಗಳನ್ನೂ ಆತ ವರ್ಣಿಸಿದ್ದಾನೆ. ಅವು ಗೋಡೆಯೊಳಗೆ ನುಸುಳಿದ ರಕ್ಷಣಾ ಕೋಶಗಳೆಂದು ಈಗ ನಮಗೆ ಗೊತ್ತು. ಆದರೆ ಓದಿದವರ ಕಣ್ಣಿಗೆ ಬಿದ್ದದ್ದು ಕೊಬ್ಬು ಮಾತ್ರ. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ ಆರಂಭವಾದ ದೀರ್ಘ ಅಧ್ಯಯನ ರಕ್ತದ ಕೊಲೆಸ್ಟರಾಲಿಗೂ ಹೃದ್ರೋಗಕ್ಕೂ ನಂಟು ಕಟ್ಟಿದ ಮೇಲಂತೂ ಅಪಧಮನಿಯೆಂದರೆ ಜಿಡ್ಡು ಕಟ್ಟುವ ನಲ್ಲಿಯ ಕೊಳವೆ ಎಂಬ ಚಿತ್ರ ಎಲ್ಲರ ಮನಸ್ಸಿನಲ್ಲಿ ನಿಂತಿತು. ಕಾಕಾ ಅವರ ಮನಸ್ಸಿನಲ್ಲಿದ್ದುದೂ ಅದೇ. ಕೊಳವೆ ಚೊಕ್ಕಟವಾದರೆ ಕೆಲಸ ಮುಗಿಯಿತು!

ಇನ್ನು ಗುಳಿಗೆಯ ಕಥೆ. ಇದನ್ನು ಹೇಳಲು ನಿಗಡಿಯಿಂದ ಹಳೆಯ ಮುಂಬಯಿ-ಪುಣೆ ಹೆದ್ದಾರಿಯಲ್ಲಿ ಪಿಂಪರಿಗೆ ಹೋಗಬೇಕು. ಅಲ್ಲಿ 1954ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನಿಂದ ಸ್ಥಾಪನೆಯಾದ ಹಿಂದುಸ್ತಾನ್ ಆಂಟಿಬಯೋಟಿಕ್ಸ್ ಕಾರ್ಖಾನೆ ಇದೆ. ಸ್ವತಂತ್ರ ಭಾರತ ತನ್ನ ಪೆನಿಸಿಲಿನ್ನನ್ನು ತಾನೇ ಮಾಡಿಕೊಳ್ಳಲು ಕಲಿತದ್ದು ಇಲ್ಲಿ. ಕಾಕಾ ತಮ್ಮ ನೌಕರಿಯ ಕಾಲವನ್ನೆಲ್ಲ ಅಲ್ಲಿಯ ಹುದುಗು ತೊಟ್ಟಿಗಳ ವಿಭಾಗದಲ್ಲಿ ಕಳೆದವರು. ಪೆನಿಸಿಲಿಯಮ್ ಎಂಬ ಬೂಷ್ಟನ್ನು ಸಕ್ಕರೆಯ ದ್ರಾವಣದಲ್ಲಿ ಬೆಳೆಸಿ, ಗಾಳಿ ಊದಿ, ಶಾಖ ಕಾದು, ಅದು ಒಸರುವ ಔಷಧವನ್ನು ಸೋಸಿ ತೆಗೆಯುವ ಕೆಲಸ. ಆ ಕಾರ್ಖಾನೆಯ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದವರು ಮೈಸೂರು ಸೀಮೆಯ ಶಿಲೀಂಧ್ರವಿಜ್ಞಾನಿ ಎಂ. ಜೆ. ತಿರುಮಲಾಚಾರ್. ಅವರ ತಂಡ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಪಡೆದ, ಶಿಲೀಂಧ್ರರೋಗಗಳಿಗೆ ಮದ್ದಾದ ಪದಾರ್ಥಕ್ಕೆ ಕಾರ್ಖಾನೆಯ ಮೊದಲಕ್ಷರಗಳನ್ನು ಸೇರಿಸಿ ಹ್ಯಾಮೈಸಿನ್ ಎಂದೂ, ಆ ಸೂಕ್ಷ್ಮಜೀವಿಗೆ ಊರಿನ ಹೆಸರಿಟ್ಟು ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂದೂ ನಾಮಕರಣ ಮಾಡಿದರು. ಪಿಂಪರಿಯ ಹೆಸರು ಜೀವಶಾಸ್ತ್ರದ ಗ್ರಂಥಗಳಲ್ಲಿ ಸೇರಿದ್ದು ಒಬ್ಬ ಕನ್ನಡ ನಾಡಿನವರಿಂದ ಎಂಬುದು ಇಲ್ಲಿಯ ಎಷ್ಟು ಕನ್ನಡಿಗರಿಗೆ ಗೊತ್ತು?

ಬೂಷ್ಟಿನಿಂದ ಮದ್ದು ತೆಗೆಯುವ ಆಸೆ ಆ ಕಾಲದಲ್ಲಿ ಲೋಕದ ಎಲ್ಲೆಡೆ ಹಬ್ಬಿತ್ತು. ಜಪಾನಿನ ಅಕಿಟಾ ಪ್ರಾಂತದ ಒಂದು ರೈತ ಕುಟುಂಬದಲ್ಲಿ 1933ರಲ್ಲಿ ಹುಟ್ಟಿದ ಅಕಿರಾ ಎಂಡೊ ಅಣಬೆ, ಬೂಷ್ಟುಗಳ ಮೋಹದಲ್ಲಿ ಬೆಳೆದು, ಪೆನಿಸಿಲಿನ್ನಿನ ಫ್ಲೆಮಿಂಗನನ್ನು ಆದರ್ಶವಾಗಿರಿಸಿಕೊಂಡವರು. ಟೋಕಿಯೋದ ಸಾಂಕ್ಯೊ ಕಂಪನಿಯಲ್ಲಿದ್ದಾಗ ಅವರಿಗೆ ಒಂದು ಯೋಚನೆ ಬಂತು. ನಮ್ಮ ಕೊಲೆಸ್ಟರಾಲಿನ ಬಹುಭಾಗ ಆಹಾರದಿಂದ ಬರುವುದಲ್ಲ, ದೇಹವೇ, ಮುಖ್ಯವಾಗಿ ಯಕೃತ್ತು, ತಯಾರಿಸುವುದು. ಆ ತಯಾರಿಕೆಯ ಹಾದಿಯಲ್ಲಿ ಒಂದು ಕಿಣ್ವ ದ್ವಾರಪಾಲಕನಂತೆ ನಿಂತಿದೆ. ಅನೇಕ ಸೂಕ್ಷ್ಮಜೀವಿಗಳಿಗೂ ಬದುಕಲು ಇಂಥದೇ ಪದಾರ್ಥಗಳು ಬೇಕು. ಹಾಗಿದ್ದರೆ ತನ್ನ ವೈರಿಯನ್ನು ಸೋಲಿಸಲು ಆ ಕಿಣ್ವವನ್ನೇ ಕಟ್ಟಿಹಾಕುವ ವಿಷವನ್ನು ಯಾವುದೋ ಒಂದು ಬೂಷ್ಟು ಕಂಡುಕೊಂಡಿರಲೇಬೇಕಲ್ಲವೆ?

1971ರಲ್ಲಿ ಹುಡುಕಾಟ ಆರಂಭವಾಯಿತು. ಸುಮಾರು 6,000 ಶಿಲೀಂಧ್ರ ತಳಿಗಳನ್ನು ಪರೀಕ್ಷಿಸಿದರು. ಕೊನೆಗೆ ಬೇಕಾದದ್ದು ಸಿಕ್ಕಿದ್ದು ಕ್ಯೋಟೋದ ಧಾನ್ಯದ ಅಂಗಡಿಯೊಂದರ ಅಕ್ಕಿಯ ಮೇಲೆ ಬೆಳೆದಿದ್ದ ನೀಲಿಹಸಿರು ಬೂಷ್ಟಿನಲ್ಲಿ. ಅದರ ಹೆಸರು ಪೆನಿಸಿಲಿಯಮ್ ಸಿಟ್ರಿನಮ್. ಪಿಂಪರಿಯ ತೊಟ್ಟಿಗಳಲ್ಲಿ ಕಾಕಾ ಸಾಕಿದ ಬೂಷ್ಟಿಗೆ ಇದು ಒಡಹುಟ್ಟಿದ್ದಲ್ಲವಾದರೂ ದಾಯಾದಿ! ಇದನ್ನು ಹೇಳಿದಾಗ ಕಾಕಾ ನಡೆಯುವುದನ್ನು ನಿಲ್ಲಿಸಿ, “ಹಂಗಾರ ಅದು ನಮ್ಮ ಮನಿತನದ್ದು ಅನ್ನ್ರಿ” ಎಂದರು.

1973ರಲ್ಲಿ ಬೇರ್ಪಡಿಸಿದ ಆ ಪದಾರ್ಥಕ್ಕೆ ಕಾಂಪ್ಯಾಕ್ಟಿನ್ ಎಂಬ ಹೆಸರು ಬಂತು. ಇಲಿಗಳಿಗೆ ಕೊಟ್ಟರೆ ಕೊಲೆಸ್ಟರಾಲ್ ಇಳಿಯಲೇ ಇಲ್ಲ. ಕಂಪನಿ ಕೈಬಿಡುವುದರಲ್ಲಿತ್ತು. ಅದೇ ಸಂಸ್ಥೆಯಲ್ಲಿ ಮೊಟ್ಟೆಯಿಡುವ ಕೋಳಿಗಳ ಮೇಲೆ ಪ್ರಯೋಗ ಮಾಡುತ್ತಿದ್ದ ಸಹೋದ್ಯೋಗಿ ಕಿಟಾನೊ ಅವರ ನೆರವಿನಿಂದ ಕೋಳಿಗಳಿಗೆ ಕೊಟ್ಟು ನೋಡಿದರು. ಮೊಟ್ಟೆಗೆ ಕೊಲೆಸ್ಟರಾಲ್ ಬೇಕು, ಆದ್ದರಿಂದ ಕೋಳಿಯ ರಕ್ತದಲ್ಲಿ ಅದು ಹೇರಳವಾಗಿರಬೇಕು ಎಂಬ ಸರಳ ತರ್ಕ. ಅವುಗಳಲ್ಲಿ ಕೊಲೆಸ್ಟರಾಲ್ ಅರ್ಧದಷ್ಟು ಇಳಿಯಿತು. 1978ರಲ್ಲಿ ಓಸಾಕಾದ ವೈದ್ಯ ಯಾಮಾಮೋಟೊ ವಂಶಪಾರಂಪರ್ಯವಾಗಿ ಅತಿ ಕೊಲೆಸ್ಟರಾಲ್ ಇದ್ದ 18 ವರ್ಷದ ಹುಡುಗಿಯೊಬ್ಬಳಿಗೆ ಇದನ್ನು ಕೊಟ್ಟರು. ಆಕೆಗೆ ಸ್ನಾಯುಗಳ ದೌರ್ಬಲ್ಯ ಉಂಟಾದಾಗ ಔಷಧದ ಪ್ರಮಾಣ ತಗ್ಗಿಸಿ ಮುಂದುವರಿದರು. ಇಂದಿಗೂ ಸ್ಟ್ಯಾಟಿನ್ ನುಂಗುವ ಕೆಲವರು ತೊಡೆ, ಮೀನಖಂಡ ನೋಯುತ್ತದೆಂದು ಹೇಳುವುದರ ಮೊದಲ ದಾಖಲೆ ಇದೇ ಇರಬೇಕು. 1980ರಲ್ಲಿ ನಾಯಿಗಳ ಮೇಲಿನ ಪ್ರಯೋಗದ ಒಂದು ಅನುಮಾನದಿಂದ ಸಾಂಕ್ಯೊ ಕಂಪನಿ ಕಾಂಪ್ಯಾಕ್ಟಿನ್ನನ್ನು ನಿಲ್ಲಿಸಿತು. ಅಷ್ಟರಲ್ಲಿ ಅಮೆರಿಕದ ಮರ್ಕ್ ಕಂಪನಿ ಇನ್ನೊಂದು ಬೂಷ್ಟಿನಿಂದ ಲೋವಾಸ್ಟ್ಯಾಟಿನ್ ತೆಗೆದಿತ್ತು. 1987ರಲ್ಲಿ ಅನುಮತಿ ಪಡೆದು ಮಾರುಕಟ್ಟೆಗೆ ಬಂದ ಮೊದಲ ಸ್ಟ್ಯಾಟಿನ್ ಅದು. ಎಂಡೊ 2024ರ ಜೂನ್‌ನಲ್ಲಿ, 90ನೆಯ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ಪತ್ರಿಕೆಗಳಲ್ಲಿ ಅದು ಎಲ್ಲೋ ಮೂಲೆಯ ಸುದ್ದಿ.

ಈ ಬೂಷ್ಟಿನ ಹಾದಿ ಕರ್ನಾಟಕವನ್ನೂ ಮುಟ್ಟಿದೆ. ಬೆಂಗಳೂರಿನ ಬಯೊಕಾನ್ ಸಂಸ್ಥೆ ಹುದುಗಿನ ವಿದ್ಯೆಯಿಂದಲೇ ಲೋವಾಸ್ಟ್ಯಾಟಿನ್ ತಯಾರಿಸಿ 2001ರಲ್ಲಿ ಅಮೆರಿಕದ ಔಷಧ ನಿಯಂತ್ರಕರ ಅನುಮತಿ ಪಡೆಯಿತು. ಈಗ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಅಟೋರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್‌ಗಳು ಮಾತ್ರ ಪೂರ್ತಿಯಾಗಿ ಪ್ರಯೋಗಾಲಯದಲ್ಲಿ ಕಟ್ಟಿದ ಅಣುಗಳು; ಬೂಷ್ಟಿನ ಮಾದರಿಯನ್ನು ನೋಡಿ ಮಾಡಿದ ನಕಲುಗಳು.

1994ರಲ್ಲಿ ಉತ್ತರ ಯೂರೋಪಿನ ಐದು ದೇಶಗಳ 4,444 ಹೃದ್ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಹೊರಬಂತು. ಐದು ವರ್ಷಗಳಿಗೂ ಮಿಕ್ಕ ಅವಧಿಯಲ್ಲಿ ಹುಸಿಗುಳಿಗೆ ಪಡೆದವರಲ್ಲಿ 256 ಮಂದಿ, ಸಿಮ್ವಾಸ್ಟ್ಯಾಟಿನ್ ಪಡೆದವರಲ್ಲಿ 182 ಮಂದಿ ಸತ್ತಿದ್ದರು. ಅಲ್ಲಿಗೆ ಸ್ಟ್ಯಾಟಿನ್ ಜೀವ ಉಳಿಸುತ್ತದೆಂಬ ವಾದ ಮುಗಿಯಿತು. ಹೇಗೆ ಉಳಿಸುತ್ತದೆಂಬ ವಾದ ಶುರುವಾಯಿತು. ಏಕೆಂದರೆ ಒಂದು ವಿಚಿತ್ರ ಎದ್ದು ಕಾಣುತ್ತಿತ್ತು. ಚಿಕಿತ್ಸೆಯ ಮುಂಚೆ, ಅನಂತರ ಅಪಧಮನಿಗಳ ಚಿತ್ರ ತೆಗೆದು ಹೋಲಿಸಿದಾಗ ಕೊಳವೆ ಅಗಲವಾದದ್ದು ಇಲ್ಲವೆನ್ನುವಷ್ಟು ಅತ್ಯಲ್ಪ. ಆದರೆ ಆಘಾತಗಳು ಮಾತ್ರ ಗಣನೀಯವಾಗಿ ಇಳಿದಿದ್ದವು. ಕೊಳವೆಯ ಜಿಡ್ಡು ತೊಳೆಯುವುದಷ್ಟೇ ಔಷಧದ ಕೆಲಸವಾಗಿದ್ದರೆ ಹೀಗಾಗಕೂಡದು.

ಇಲ್ಲಿ ಸ್ವಲ್ಪ ನಿಂತು ಗೋಡೆಯೊಳಗೆ ನಡೆಯುವುದನ್ನು ನೋಡಬೇಕು. ಎಲ್‌ಡಿಎಲ್ ಕಣಗಳು ರಕ್ತದಲ್ಲಿ ಹೆಚ್ಚಾದಾಗ ಅಪಧಮನಿಯ ಒಳಪೊರೆಯನ್ನು ದಾಟಿ ಗೋಡೆಯಲ್ಲಿ ಸಿಕ್ಕಿಕೊಂಡು ಅಲ್ಲಿ ಕೆಡುತ್ತವೆ. ಕೆಟ್ಟ ಕೊಬ್ಬನ್ನು ದೇಹ ಪರಕೀಯವೆಂದೇ ಬಗೆಯುತ್ತದೆ. ಒಳಪೊರೆಯ ಕೋಶಗಳು ಅಂಟುಗೊಕ್ಕೆಗಳನ್ನು ಹೊರಚಾಚಿ, ಹರಿಯುವ ಬಿಳಿ ರಕ್ತಕಣಗಳನ್ನು ಹಿಡಿದು ಒಳಗೆ ಕರೆದುಕೊಳ್ಳುತ್ತವೆ. ಒಳಹೊಕ್ಕ ಕಣಗಳು ಕೊಬ್ಬನ್ನು ನುಂಗಿ ನುಂಗಿ ನೊರೆಕೋಶಗಳಾಗಿ ಅಲ್ಲಿಯೇ ಸಾಯುತ್ತವೆ, ಸಾಯುವ ಮುನ್ನ ಇನ್ನಷ್ಟು ಕಣಗಳನ್ನು ಕೂಗಿ ಕರೆಯುತ್ತವೆ. ಕೊಲೆಸ್ಟರಾಲಿನ ಹರಳುಗಳೇ ಈ ಕೋಶಗಳೊಳಗಿನ ಅಪಾಯದ ಗಂಟೆಯನ್ನು ಬಾರಿಸುತ್ತವೆಂದು 2010ರಲ್ಲಿ ತಿಳಿಯಿತು. ಹೀಗೆ ಬೆಳೆದ ಗಡ್ಡೆಯ ಮೇಲೆ ನಾರಿನ ಒಂದು ಮುಚ್ಚಳ ಇರುತ್ತದೆ. ಉರಿಯೂತದ ಕೋಶಗಳು ಸ್ರವಿಸುವ ಕಿಣ್ವಗಳು ಆ ಮುಚ್ಚಳವನ್ನು ಒಳಗಿನಿಂದ ಕೊರೆಯುತ್ತವೆ. ಮುಚ್ಚಳ ಹರಿದ ದಿನ ಒಳಗಿನ ರಾಡಿ ರಕ್ತಕ್ಕೆ ತಾಗಿ ಹೆಪ್ಪುಗಟ್ಟುತ್ತದೆ. ಅನೇಕ ಹೃದಯಾಘಾತಗಳ ನಿಜವಾದ ಗಳಿಗೆ ಅದು. ಕೊಳವೆ ಅರ್ಧವೂ ಮುಚ್ಚದಿದ್ದವರಿಗೆ, ನಿನ್ನೆಯಷ್ಟೇ ಟೇಕಡಿ ಹತ್ತಿ ಇಳಿದವರಿಗೆ ಇದ್ದಕ್ಕಿದ್ದಂತೆ ಆಘಾತವಾಗುವುದು ಹೀಗೆ.

ಈ ಮುಚ್ಚಿದ ಕೆಂಡವನ್ನು ಹೊರಗಿನಿಂದ ಅಳೆಯುವುದು ಹೇಗೆ? ಅದಕ್ಕೆ ಒದಗಿದ್ದು ಹೃದಯಕ್ಕೆ ಸಂಬಂಧವೇ ಇಲ್ಲದ ಒಂದು ಹಳೆಯ ಶೋಧ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ಇಬ್ಬರು ನ್ಯೂಮೋನಿಯಾ ರೋಗಿಗಳ ರಕ್ತದಲ್ಲಿ ಒಂದು ಪ್ರೋಟೀನನ್ನು ಕಂಡರು. ರೋಗಾಣುವಿನ ‘ಸಿ’ ಎಂಬ ಅಂಶದೊಡನೆ ಅದು ಪ್ರತಿಕ್ರಿಯಿಸುತ್ತಿದ್ದುದರಿಂದ ಸಿ-ರಿಯಾಕ್ಟಿವ್ ಪ್ರೋಟೀನ್, ಸಿಆರ್‌ಪಿ. ಎಲ್ಲಿಯೇ ಉರಿಯೂತವಾದರೂ ಯಕೃತ್ತು ಇದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಕೊರೊನಾ ಕಾಲದಲ್ಲಿ ಆಸ್ಪತ್ರೆಯ ಹೊರಗೆ ನಿಂತು ಸಿಆರ್‌ಪಿ ಎಷ್ಟು ಬಂತೆಂದು ಕೇಳದ ಮನೆ ಇರಲಿಲ್ಲ. ಅತಿ ಸಣ್ಣ ಪ್ರಮಾಣವನ್ನೂ ಹಿಡಿಯುವ ಸೂಕ್ಷ್ಮ ಪರೀಕ್ಷೆ ಬಂದ ಮೇಲೆ, 1997ರಲ್ಲಿ ಬೋಸ್ಟನ್ನಿನ ಪಾಲ್ ರಿಡ್ಕರ್ ಮತ್ತು ಸಂಗಡಿಗರು, ಆರೋಗ್ಯವಂತರೆನಿಸಿಕೊಂಡ ವೈದ್ಯರ ಹಳೆಯ ರಕ್ತದ ಮಾದರಿಗಳನ್ನು ಪರೀಕ್ಷಿಸಿ, ಸಿಆರ್‌ಪಿ ಅತಿ ಹೆಚ್ಚಿದ್ದವರಿಗೆ ಮುಂದೆ ಹೃದಯಾಘಾತವಾಗುವ ಸಂಭವ ಅತಿ ಕಡಿಮೆಯಿದ್ದವರಿಗಿಂತ ಮೂರು ಪಟ್ಟಿನಷ್ಟೆಂದು ತೋರಿಸಿದರು.

ಮರುವರ್ಷ ಅದೇ ಗುಂಪು ಪ್ರವಾಸ್ಟ್ಯಾಟಿನ್ ಪಡೆದ ಹೃದ್ರೋಗಿಗಳ ರಕ್ತಕ್ಕೆ ಕೈಹಾಕಿತು. ಉರಿಯೂತದ ಗುರುತಿದ್ದವರಲ್ಲಿ ಗುಳಿಗೆ ಅಪಾಯವನ್ನು ಶೇಕಡಾ 54ರಷ್ಟು ತಗ್ಗಿಸಿದ್ದರೆ, ಗುರುತಿಲ್ಲದವರಲ್ಲಿ ಶೇಕಡಾ 25 ಮಾತ್ರ. 1999ರ ಲೇಖನದಲ್ಲಿ ಇನ್ನೊಂದು ಮಾತು ಸೇರಿತು: ಹುಸಿಗುಳಿಗೆಯವರಲ್ಲಿ ಐದು ವರ್ಷಗಳಲ್ಲಿ ಸಿಆರ್‌ಪಿ ಏರಿತ್ತು, ಪ್ರವಾಸ್ಟ್ಯಾಟಿನ್‌ನವರಲ್ಲಿ ಇಳಿದಿತ್ತು. ಯಾರ ಎಲ್‌ಡಿಎಲ್ ಎಷ್ಟು ಇಳಿಯಿತೆಂಬುದಕ್ಕೂ ಯಾರ ಸಿಆರ್‌ಪಿ ಎಷ್ಟು ಇಳಿಯಿತೆಂಬುದಕ್ಕೂ ತಾಳೆಯಿರಲಿಲ್ಲ. ಗುಳಿಗೆ ಎರಡು ಕೆಲಸಗಳನ್ನು ಮಾಡುತ್ತಿದೆಯೆಂದು ಅನುಮಾನಿಸಲು ಇಷ್ಟು ಸಾಕಾಯಿತು. 2005ರಲ್ಲಿ ಆಘಾತವಾದ ಹೊಸತರಲ್ಲಿದ್ದ 3,745 ರೋಗಿಗಳನ್ನು ನೋಡಿದಾಗ, ಎಲ್‌ಡಿಎಲ್ ಎಷ್ಟಕ್ಕೇ ಇಳಿದಿರಲಿ, ಸಿಆರ್‌ಪಿ ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗೆ ಬಂದವರು ಹೆಚ್ಚು ಸುರಕ್ಷಿತರಾಗಿದ್ದರು.

ರಸಾಯನಶಾಸ್ತ್ರಜ್ಞರು ಇದಕ್ಕೆ ಕಾರಣವನ್ನೂ ಒದಗಿಸಿದರು. ಎಂಡೊ ಹಿಡಿದ ದ್ವಾರಪಾಲಕ ಕಿಣ್ವದ ಆಚೆಗಿನ ಹಾದಿ ಕೊಲೆಸ್ಟರಾಲಿಗೆ ಮಾತ್ರ ಹೋಗುವುದಿಲ್ಲ. ನಡುವೆ ಕವಲೊಡೆದು, ಜೀವಕೋಶದೊಳಗಿನ ಕೆಲವು ಸಂದೇಶವಾಹಕ ಪ್ರೋಟೀನುಗಳಿಗೆ ಕೊಬ್ಬಿನ ಬಾಲಗಳನ್ನು ಒದಗಿಸುತ್ತದೆ. ಆ ಬಾಲ ಅಂಟಿದಾಗಲೇ ಅವು ಕೋಶಪೊರೆಗೆ ಹೋಗಿ ನಿಂತು ಕೆಲಸ ಮಾಡಬಲ್ಲವು. ಸ್ಟ್ಯಾಟಿನ್ ಬಂದು ಹಾದಿಯನ್ನು ಬುಡದಲ್ಲೇ ಕಟ್ಟಿದರೆ ಬಾಲಗಳ ಸರಬರಾಜು ತಗ್ಗುತ್ತದೆ. ಒಳಪೊರೆ ರಕ್ತನಾಳವನ್ನು ಹಿಗ್ಗಿಸುವ ನೈಟ್ರಿಕ್ ಆಕ್ಸೈಡನ್ನು ಹೆಚ್ಚು ಬಿಡುತ್ತದೆ, ಬಿಳಿಕಣಗಳ ಉದ್ರೇಕ ಇಳಿಯುತ್ತದೆ. ಗಾಜಿನ ತಟ್ಟೆಯಲ್ಲಿ ಇದನ್ನೆಲ್ಲ ಬಹಳ ಚೆನ್ನಾಗಿ ತೋರಿಸಿದ್ದಾರೆ. ಮನುಷ್ಯ ನುಂಗುವ ಪ್ರಮಾಣದಲ್ಲಿ ಇದರ ಪಾಲೆಷ್ಟು ಎಂಬಲ್ಲಿ ತಕರಾರು.

ತಕರಾರು ಜೋರಾದದ್ದು 2008ರಲ್ಲಿ. ಎಲ್‌ಡಿಎಲ್ 130ಕ್ಕಿಂತ ಕಡಿಮೆಯಿದ್ದು ಸಿಆರ್‌ಪಿ ಮಾತ್ರ 2 ಅಥವಾ ಹೆಚ್ಚಿದ್ದ, ಹೃದ್ರೋಗವಿಲ್ಲದ 17,802 ಮಂದಿಯನ್ನು ಆರಿಸಿ, ಅರ್ಧದಷ್ಟು ಜನರಿಗೆ ರೋಸುವಾಸ್ಟ್ಯಾಟಿನ್ ಕೊಟ್ಟರು. ಜ್ಯುಪಿಟರ್ ಎಂಬ ಹೆಸರಿನ ಈ ಪರೀಕ್ಷೆಯಲ್ಲಿ ಎಲ್‌ಡಿಎಲ್ ಶೇಕಡಾ 50, ಸಿಆರ್‌ಪಿ ಶೇಕಡಾ 37 ಇಳಿದವು. ಆಘಾತ ಮೊದಲಾದ ಘಟನೆಗಳು ಹುಸಿಗುಳಿಗೆಯವರಲ್ಲಿ 251, ಔಷಧದವರಲ್ಲಿ 142. ಎರಡು ವರ್ಷ ತುಂಬುವ ಮೊದಲೇ ಪರೀಕ್ಷೆಯನ್ನು ನಿಲ್ಲಿಸಿದರು. ಉರಿಯೂತದ ಪಕ್ಷದವರಿಗೆ ಇದು ವಿಜಯೋತ್ಸವ. ಆದರೆ ಸಿಆರ್‌ಪಿ ಕಡಿಮೆಯಿದ್ದವರನ್ನು ಹೋಲಿಕೆಗೆ ಇಟ್ಟುಕೊಂಡಿರಲೇ ಇಲ್ಲವಲ್ಲ, ಅವರಿಗೂ ಇಷ್ಟೇ ಲಾಭ ಆಗುತ್ತಿರಲಿಲ್ಲವೆಂದು ಹೇಗೆ ಹೇಳುವಿರಿ ಎಂದು ಟೀಕಾಕಾರರು ಕೇಳಿದರು. ಪರೀಕ್ಷೆಗೆ ಹಣ ಕೊಟ್ಟದ್ದು ಔಷಧದ ಕಂಪನಿ, ಸಿಆರ್‌ಪಿ ಪರೀಕ್ಷೆಯ ಪೇಟೆಂಟಿನಲ್ಲಿ ರಿಡ್ಕರರ ಹೆಸರಿದೆ ಎಂಬುದನ್ನೂ ಎತ್ತಿ ಆಡಿದರು. ಔಷಧ ಪಡೆದವರಲ್ಲಿ ಹೊಸದಾಗಿ ಮಧುಮೇಹ ಕಂಡವರ ಸಂಖ್ಯೆ ತುಸು ಹೆಚ್ಚಿತ್ತೆಂಬುದೂ ನಿಜ. ಟೀಕಾಕಾರರ ಮೊದಲ ಪ್ರಶ್ನೆ ನನ್ನ ಮಟ್ಟಿಗೆ ತೀರ ನ್ಯಾಯವಾದುದು. ಅದಕ್ಕೆ ಉತ್ತರ 2011ರಲ್ಲಿ ಬ್ರಿಟನ್ನಿನಿಂದ ಬಂತು. 20,536 ಮಂದಿಯನ್ನು ಸಿಆರ್‌ಪಿ ಪ್ರಕಾರ ಗುಂಪುಗಳಾಗಿ ವಿಂಗಡಿಸಿ ನೋಡಿದಾಗ, ಅದು ಅತಿ ಕಡಿಮೆಯಿದ್ದವರಿಗೂ ಸಿಮ್ವಾಸ್ಟ್ಯಾಟಿನ್‌ನಿಂದ ಸರಿಸುಮಾರು ಅಷ್ಟೇ ಪ್ರಮಾಣದ ಲಾಭವಾಗಿತ್ತು.

ಜೊತೆಗೆ ವಂಶವಾಹಿಗಳ ಸಾಕ್ಷಿಯೂ ಸೇರಿತು. ಹುಟ್ಟಿನಿಂದಲೇ ಸಿಆರ್‌ಪಿ ಹೆಚ್ಚಿರುವಂಥ ವಂಶವಾಹಿಯುಳ್ಳವರಿಗೆ ಹೃದ್ರೋಗವೇನೂ ಹೆಚ್ಚಿಲ್ಲವೆಂದು ಅದೇ ವರ್ಷ ಖಚಿತವಾಯಿತು. ಅಂದರೆ ಸಿಆರ್‌ಪಿ ಬೆಂಕಿಯಲ್ಲ, ಹೊಗೆ. 2012ರಲ್ಲಿ ಬೆಂಕಿಗೆ ಹತ್ತಿರದ್ದೊಂದು ಸಿಕ್ಕಿತು: ಉರಿಯೂತದ ಸಂದೇಶ ಹೊರುವ ಇಂಟರ್‌ಲ್ಯೂಕಿನ್-6ರ ಗ್ರಾಹಕ ಹುಟ್ಟಿನಿಂದಲೇ ಮಂದವಾಗಿದ್ದವರಿಗೆ ಹೃದ್ರೋಗ ಕಡಿಮೆ. ವಿರ್ಚೋ-ರೊಕಿಟಾನ್‌ಸ್ಕಿ ಜಗಳ ಮತ್ತೆ ಎದ್ದಿತ್ತು ಎಂದೆನಲ್ಲ, ಅದು ಇದೇ.

ಬಗೆಹರಿಸಲು ಇದ್ದ ದಾರಿ, ಎರಡನ್ನೂ ಒಟ್ಟಿಗೆ ಇಳಿಸುವ ಸ್ಟ್ಯಾಟಿನ್ನನ್ನು ಬದಿಗಿಟ್ಟು, ಒಂದೊಂದನ್ನೇ ಇಳಿಸುವ ಔಷಧಗಳನ್ನು ಪರೀಕ್ಷಿಸುವುದು. 2017ರಲ್ಲಿ ಎರಡೂ ಆದವು. ಎವೊಲೊಕ್ಯುಮ್ಯಾಬ್ ಎಂಬ ಚುಚ್ಚುಮದ್ದು 27,564 ರೋಗಿಗಳ ಪರೀಕ್ಷೆಯಲ್ಲಿ ಎಲ್‌ಡಿಎಲ್ ಅನ್ನು ಶೇಕಡಾ 59 ಇಳಿಸಿತು, ಸಿಆರ್‌ಪಿಯನ್ನು ಅಲುಗಿಸಲಿಲ್ಲ. ಘಟನೆಗಳು ಶೇಕಡಾ 15 ಕಡಿಮೆಯಾದವು. ಕ್ಯಾನಕಿನ್ಯುಮ್ಯಾಬ್ ಎಂಬ ಇನ್ನೊಂದು ಚುಚ್ಚುಮದ್ದು, ಹಿಂದೆ ಆಘಾತವಾಗಿ ಸಿಆರ್‌ಪಿ ಹೆಚ್ಚಿದ್ದ 10,061 ರೋಗಿಗಳಲ್ಲಿ ಇಂಟರ್‌ಲ್ಯೂಕಿನ್-1 ಬೀಟಾವನ್ನು ಮಾತ್ರ ಹಿಡಿದು ಉರಿಯೂತವನ್ನು ತಗ್ಗಿಸಿತು, ಎಲ್‌ಡಿಎಲ್ ತಂಟೆಗೆ ಹೋಗಲಿಲ್ಲ. ಅಲ್ಲಿಯೂ ಘಟನೆಗಳು ಶೇಕಡಾ 15 ಕಡಿಮೆಯಾದವು. ಆಶ್ಚರ್ಯವೆಂದರೆ ಎರಡು ಬಾಗಿಲುಗಳಿಂದ ಹೊಕ್ಕವರೂ ಒಂದೇ ಅಂಗಳಕ್ಕೆ ಬಂದು ನಿಂತಿದ್ದರು. ಎರಡನೆಯ ಮದ್ದು ಮಾರಕ ಸೋಂಕುಗಳನ್ನು ಹೆಚ್ಚಿಸಿದ್ದರಿಂದ, ಬೆಲೆಯೂ ವಿಪರೀತವಾದ್ದರಿಂದ ಹೃದ್ರೋಗಕ್ಕೆ ಬಳಕೆಗೆ ಬರಲಿಲ್ಲ.

ಇದನ್ನೆಲ್ಲ ಓದಿ ನಾನು ತಲುಪಿದ ತೀರ್ಮಾನ ಇಷ್ಟು. ಸ್ಟ್ಯಾಟಿನ್‌ನ ಲಾಭದ ದೊಡ್ಡ ಪಾಲು ಎಲ್‌ಡಿಎಲ್ ಇಳಿಸುವುದರಿಂದಲೇ ಬರುವುದು. ಆ ಇಳಿಕೆಯೇ ಉರಿಗೆ ಸೌದೆ ಒಟ್ಟುವುದನ್ನು ನಿಲ್ಲಿಸುತ್ತದೆ. ಅದರ ಮೇಲೆ ನೇರವಾಗಿ ಉರಿಯನ್ನು ತಣಿಸುವ ಗುಣವೂ ಇದೆ, ಅದರ ಅಳತೆಯ ಬಗ್ಗೆ ಒಮ್ಮತವಿಲ್ಲ. ಕಾಕಾ ಅವರ ಪ್ರಶ್ನೆಗೆ ಮಾತ್ರ ಅಳತೆಯ ಅಗತ್ಯವಿಲ್ಲ. ಗುಳಿಗೆ ನಿಂತರೆ ಎರಡೂ ಲಾಭಗಳು ಕೆಲವೇ ವಾರಗಳಲ್ಲಿ ಹೋಗುತ್ತವೆ. ಎಲ್‌ಡಿಎಲ್ 68 ಇರುವುದು ಗುಳಿಗೆ ಯಕೃತ್ತಿನ ಬಾಗಿಲು ಕಾಯುತ್ತಿರುವುದರಿಂದ. ಹೃದಯಕ್ಕೆ ತೀವ್ರ ತೊಂದರೆಯಾಗಿ ಆಸ್ಪತ್ರೆ ಸೇರಿದವರಲ್ಲಿ ಮುಂಚಿನಿಂದ ನುಂಗುತ್ತಿದ್ದ ಸ್ಟ್ಯಾಟಿನ್ ನಿಲ್ಲಿಸಿದರೆ ಅಪಾಯ ಏರುತ್ತದೆಂದು 2002ರಲ್ಲಿಯೇ ಒಂದು ಅಧ್ಯಯನ ಎಚ್ಚರಿಸಿತ್ತು.

ಈ ವಿಷಯದಲ್ಲಿ ಪುಣೆಯ ಇನ್ನೊಂದು ಪಾಲು ಇದೆ. ರಾಸ್ತಾ ಪೇಠದ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರು 1993ರಿಂದ ಪುಣೆಯ ಸುತ್ತಲಿನ ಆರು ಹಳ್ಳಿಗಳ ತಾಯಂದಿರನ್ನೂ ಮಕ್ಕಳನ್ನೂ ಅಭ್ಯಾಸ ಮಾಡಿ, ನಮ್ಮ ಶಿಶುಗಳು ತೂಕದಲ್ಲಿ ಸಣ್ಣವಾದರೂ ಕೊಬ್ಬಿನಲ್ಲಿ ಸಣ್ಣವಲ್ಲವೆಂದು ಕಂಡುಕೊಂಡವರು. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅವರದೊಂದು ಪ್ರಸಿದ್ಧ ಚಿತ್ರ ಬಂತು. ಒಂದು ಕಡೆ ಯಾಜ್ಞಿಕರು, ಇನ್ನೊಂದು ಕಡೆ ಅವರ ಲಂಡನ್ನಿನ ಮಿತ್ರ ಜಾನ್ ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕದ ಸೂಚಿ ಇಬ್ಬರದೂ 22.3. ಮೈಕೊಬ್ಬು ಮಾತ್ರ ಯುಡ್ಕಿನ್ನರದು ಶೇಕಡಾ 9.1, ಯಾಜ್ಞಿಕರದು ಶೇಕಡಾ 21.2. ಈ ಯುಡ್ಕಿನ್ನರೇ 1999ರಲ್ಲಿ, ಹೊಟ್ಟೆಯ ಕೊಬ್ಬು ಸುಮ್ಮನೆ ಕೂತ ಹೊರೆಯಲ್ಲ, ಉರಿಯೂತದ ಸಂದೇಶಗಳನ್ನು ಕಳುಹಿಸುವ ಅಂಗಾಂಶ, ಸಿಆರ್‌ಪಿ ಏರುವುದಕ್ಕೆ ಅದೇ ಮೂಲವಿರಬಹುದೆಂದು ಸೂಚಿಸಿದವರಲ್ಲೊಬ್ಬರು. 2001ರಲ್ಲಿ ಬ್ರಿಟನ್ನಿನಲ್ಲಿ ನೆಲೆಸಿದ ಭಾರತೀಯ ಮೂಲದ ಗಂಡಸರನ್ನು ಅಲ್ಲಿಯ ಬಿಳಿಯರೊಡನೆ ಹೋಲಿಸಿದಾಗ ನಮ್ಮವರ ಸಿಆರ್‌ಪಿ ಶೇಕಡಾ 17ರಷ್ಟು ಹೆಚ್ಚಿತ್ತು, ಕಾರಣ ಬಹುಮಟ್ಟಿಗೆ ಸೊಂಟದ ಸುತ್ತಿನ ಕೊಬ್ಬು. ಟೇಕಡಿಯ ಮೇಲೆ ನಮ್ಮ ಗುಂಪನ್ನು ಪಕ್ಕದಿಂದ ನೋಡಿದರೆ ಈ ಮಾತಿಗೆ ಬೇರೆ ಸಾಕ್ಷಿ ಬೇಡ: ಕೈಕಾಲು ಸಪೂರ, ಹೊಟ್ಟೆ ಗಣಪತಿಯದು.

ಸ್ಟ್ಯಾಟಿನ್ ನುಂಗುತ್ತಿರುವ 31,245 ರೋಗಿಗಳ ಅಂಕಿಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟಿಸಿದ ಲೇಖನವೊಂದರ ಪ್ರಕಾರ, ಇವರಲ್ಲಿ ಮುಂದಿನ ಅಪಾಯವನ್ನು ಉಳಿದಿರುವ ಎಲ್‌ಡಿಎಲ್‌ಗಿಂತ ಉಳಿದಿರುವ ಸಿಆರ್‌ಪಿಯೇ ಹೆಚ್ಚು ಬಲವಾಗಿ ಸೂಚಿಸುತ್ತದೆ. ಕಾಕಾ ಅವರ ವೈದ್ಯರ ‘ಇನ್ನೂ ಸ್ವಲ್ಪ ದಾಹ’ ಇದೇ. ಹಾಗೆ ಉಳಿದದ್ದಕ್ಕೆ ಈಗ ಹುಡುಕುತ್ತಿರುವ ಮದ್ದುಗಳಲ್ಲಿ ಒಂದು ನಮಗೆ ಬಹಳ ಹಳೆಯ ಪರಿಚಯದ್ದು. ಶ್ರಾವಣ-ಭಾದ್ರಪದಗಳಲ್ಲಿ ಸಹ್ಯಾದ್ರಿಯ ಬೇಲಿಗಳ ಮೇಲೆ ಬೆಂಕಿಯ ನಾಲಗೆಗಳಂತೆ ಅರಳುವ, ಮಲೆನಾಡಿನವರು ಗೌರಿ ಹೂವೆನ್ನುವ, ಮರಾಠಿಗರು ಕಳಲಾವಿ ಎನ್ನುವ ಅಗ್ನಿಶಿಖೆಯಲ್ಲಿ ಇರುವ ಕಾಲ್ಚಿಸಿನ್ ಅದು. ಕೀಲುವಾತಕ್ಕೆ ಬಹುಕಾಲದಿಂದ ಬಳಸುವ ಮದ್ದು. ದಿನಕ್ಕೆ ಅರ್ಧ ಮಿಲಿಗ್ರಾಂ ಕೊಟ್ಟು ನೋಡಿದ 2019 ಮತ್ತು 2020ರ ಪರೀಕ್ಷೆಗಳಲ್ಲಿ ಹೃದ್ರೋಗಿಗಳಿಗೆ ಲಾಭ ಕಂಡಿತು, 2024ರಲ್ಲಿ ಹೊರಬಂದ 7,062 ರೋಗಿಗಳ ಪರೀಕ್ಷೆಯಲ್ಲಿ ಕಾಣಲಿಲ್ಲ. ಕಾಕಾ ಅವರಂಥ ಉತ್ಸಾಹಿಗಳಿಗೆ ಒಂದು ಮಾತು: ಆ ಬಳ್ಳಿಯ ಗೆಡ್ಡೆ ಪ್ರಾಣ ತೆಗೆಯುವ ವಿಷ. ಹೂವನ್ನು ಗೌರಿಗೆ ಏರಿಸಿದರೆ ಸಾಕು.

ಕಾಕಾ ಮರುದಿನವೇ ವೈದ್ಯರನ್ನು ಕಂಡು ನಡೆದದ್ದನ್ನು ಹೇಳಿ, ಅವರ ಸಲಹೆಯಂತೆ ಗುಳಿಗೆಯನ್ನು ಮತ್ತೆ ಆರಂಭಿಸಿದರು. ಸಿಆರ್‌ಪಿ ಮೂರು ದಾಟಿದ್ದಕ್ಕೆ ಇನ್ನೊಂದು ಕಾರಣವೂ ಇರಬಹುದೆಂದು ವೈದ್ಯರು ಬಾಯಿ ತೆರೆಸಿ ನೋಡಿ, ಕೀವುಗಟ್ಟಿದ್ದ ಒಂದು ದವಡೆಹಲ್ಲನ್ನು ಕೀಳಿಸಲು ಕಳುಹಿಸಿದರಂತೆ. ಶೀತ, ಜ್ವರ, ಹಲ್ಲಿನ ಬಾಧೆ ಯಾವುದಿದ್ದರೂ ಆ ಅಂಕಿ ಏರುವುದರಿಂದ, ಎಲ್ಲ ಶಮನವಾದ ಮೇಲೆ ಇನ್ನೊಮ್ಮೆ ಅಳೆಯುವುದು ವಾಡಿಕೆ. ದೀಪಾವಳಿಯ ಹೊತ್ತಿಗೆ ಅಳೆದಾಗ ಅದು 1.7ಕ್ಕೆ ಬಂದಿತ್ತು. ಹಲ್ಲು ಕಿತ್ತದ್ದರಿಂದಲೋ ಗುಳಿಗೆಯಿಂದಲೋ ಎಂದು ಅವರು ಕೇಳಿದರು. ರಿಡ್ಕರರಿಗೂ ಬ್ರಿಟನ್ನಿನವರಿಗೂ ಬಗೆಹರಿಯದ್ದನ್ನು ನನ್ನ ಕೈಲಿ ಬಗೆಹರಿಸಲಾಗುವುದಿಲ್ಲವೆಂದೆ.

ಮೊನ್ನೆ ಅವರ ಮನೆಗೆ ಹೋದಾಗ ಗುಳಿಗೆಗಳ ಡಬ್ಬಿ ಮೇಜಿನ ಮೇಲಿತ್ತು. ಒಂದೊಂದು ಖಾನೆಯ ಮೇಲೂ ಕಾಗದದ ಚೀಟಿ ಅಂಟಿಸಿ, ಕಾರ್ಖಾನೆಯ ತೊಟ್ಟಿಗಳಿಗೆ ಬರೆಯುತ್ತಿದ್ದ ಅದೇ ದಪ್ಪ ಅಕ್ಷರಗಳಲ್ಲಿ ಹೆಸರು ಬರೆದಿದ್ದಾರೆ. ಬಿ.ಪಿ., ರಕ್ತ ತೆಳು, ಸಕ್ಕರಿ. ರಾತ್ರಿಯ ಖಾನೆಯ ಮೇಲೆ: ದಾಹದ ಗುಳಿಗಿ.